ಕದಲದ ನಗು

ಜುಲೈ 2

ಗುಬ್ಬೀ,

ಇತ್ತ ನಾನು ಮತ್ತು ನನ್ನ ಬಾಯಲ್ಲಿ ಉಳಿದಿರೋ ಹನ್ನೊಂದು ಹಲ್ಲು, ಹನ್ನೆರಡೂ ಜನ ಕ್ಷೇಮ. ಅತ್ತ ನಿನಗೆ ಪಟ್ಟಾಭಿಷೇಕ ಆಯ್ತು ಅಂತ ನಿಮ್ಮಮ್ಮ ಮೆಸೇಜು ಹಾಕಿದ್ದಳು. ಐದು ಊರಿನ ಐದು ಕ್ಯಾಂಪಸ್ಸು, ಅಲ್ಲಿರೋ ಸಸ್ಯಶಾಸ್ತ್ರದ ಮೇಷ್ಟ್ರುಗಳೆಲ್ಲ ಸೇರಿದ ಪಠ್ಯ ಸಮಿತಿ, ಅದಕ್ಕೆ ನೀನು ಅಧ್ಯಕ್ಷೆ. ಓದಿ ಆಶ್ಚರ್ಯ ಆಯ್ತು, ಹಿಂದೆಯೇ ಕನಿಕರವೂ ಆಯ್ತು. ಗಿಡ ನೋಡಿಕೊಂಡು ಸುಖವಾಗಿದ್ದ ಹುಡುಗಿ ಮನುಷ್ಯರನ್ನ ನೋಡ್ಕೊಳ್ಳೋ ಕೆಲಸಕ್ಕೆ ಹೇಗೆ ಒಪ್ಪಿದಳು? ಯಾವ ಪುಣ್ಯಾತ್ಮ ನಿನಗೆ ಈ ಬುದ್ಧಿ ಹೇಳಿಕೊಟ್ಟ?

ನಿನ್ನ ಮಾವ ಮೂವತ್ತೊಂದು ವರ್ಷ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಸಭೆಗಳ ನಡಾವಳಿ ಬರೆದ ಗುಮಾಸ್ತ ಅನ್ನೋದು ಮರೆತಿಲ್ಲ ತಾನೇ? ನಡಾವಳಿ ಅಂದ್ರೇನು? ನಡೆದ ಹಾವಳಿ. ದೊಡ್ಡ ದೊಡ್ಡ ಪಂಡಿತರು ಮೂರು ಗಂಟೆ ಒಬ್ಬರ ಜುಟ್ಟು ಒಬ್ಬರು ಹಿಡಿದು ಎಳೆದಾಡ್ತಿದ್ರು, ನಾನು 'ಸೌಹಾರ್ದಯುತವಾಗಿ ಚರ್ಚಿಸಲಾಯಿತು' ಅಂತ ಒಂದು ಸಾಲು ಬರೆದು ಟೀ ಕುಡಿಯೋಕೆ ಹೋಗ್ತಿದ್ದೆ. ಕಥೆ ಕಟ್ಟೋರೆಲ್ಲ ನನ್ನ ಮುಂದೆ ಕೈಕಟ್ಟಿ ನಿಲ್ಲಬೇಕು.

ಆದ್ರೆ ನಮ್ಮದು ಒಂದೇ ಮೇಜಿನ ಸಭೆ. ನಿಮ್ಮದು ಕಂಪ್ಯೂಟರ್ ಕಿಟಕಿಯಲ್ಲಿ ಮುಖ ಇಣುಕೋ ಸಭೆ. ನಮ್ಮ ಕಾಲದಲ್ಲಿ ಸಭಾಕಂಪನ ಇತ್ತು. ನಿಮ್ಮ ಕಾಲಕ್ಕೆ ಅದು ಸಭಾಜೋಂಪು ಆಗಿದೆ ಅಂತ ಕೇಳಿದೀನಿ. ಏನೇನಾಗುತ್ತೆ ಅಂತ ಒಂದೂ ಬಿಡದೆ ಬರಿ.

ಒಂದು ಶರತ್ತು. ಫೋನು ಮಾಡಬೇಡ, ಕಾಗದ ಬರಿ. ಫೋನಲ್ಲಿ ನಿನ್ನ ಕೋಳಿಕಾಲಿನ ಅಕ್ಷರ ಕಾಣಲ್ಲ. ಅಂಚೆಯವನಿಗೂ ನಮ್ಮ ಮೆಟ್ಟಿಲು ಹತ್ತಿ ಬಂದು ಕೂತು ಬೆವರೊರೆಸಿಕೊಳ್ಳೋಕೆ ಒಂದು ನೆಪ ಬೇಕು.

ಇಂತಿ,
ಕನ್ನಡಕದಂಗಡಿಯ ಮೇಲಿನ ಎರಡು ರೂಮಿನಲ್ಲಿ ಕೂತಿರೋ
ನಿನ್ನ ದೂರದೃಷ್ಟಿಯ ಮಾವ


ಜುಲೈ 12

ಪ್ರೀತಿಯ ಮಾವ,

ಪುಣ್ಯಾತ್ಮ ಯಾರು ಅಂತ ಕೇಳ್ತೀರಲ್ಲ, ನಿಮ್ಮ ನಾಟಕ ಸಾಕು. ಮೇ ತಿಂಗಳಲ್ಲಿ ನನ್ನನ್ನ ಬಸ್ಸು ಹತ್ತಿಸೋಕೆ ಬಂದಿದ್ರಲ್ಲ ಒಬ್ಬರು, ಅವರನ್ನೇ ಕೇಳಿ.

ನಿನ್ನೆ ಮೊದಲನೇ ಮೀಟಿಂಗು ಆಯ್ತು. ಇನ್ನು ತಿಂಗಳಿಗೊಂದು, ಎರಡನೇ ಗುರುವಾರ ಮಧ್ಯಾಹ್ನ ಮೂರೂವರೆಗೆ. ನಿನ್ನೆಯದು ಎರಡು ಗಂಟೆ ಹತ್ತು ನಿಮಿಷ ನಡೀತು. ಅದರಲ್ಲಿ ಮೊದಲ ಇಪ್ಪತ್ತೈದು ನಿಮಿಷ ನಡೆದ ಮಾತು ಇಷ್ಟು:

"ಕೇಳಿಸ್ತಿದೆಯಾ?"

"ನೀವು ಕೇಳಿಸ್ತಿದೀರ. ನಾನು ಕೇಳಿಸ್ತಿದೀನಾ?"

"ಮೇಡಂ, ಬಾಯಿ ಆಡ್ತಿದೆ, ಮಾತು ಬರ್ತಿಲ್ಲ. ಮೈಕು ಆನ್ ಮಾಡಿ."

"ಯಾರದೋ ಮನೇಲಿ ಗೋಡೆ ಕೊರೀತಿದಾರೆ."

"ನಮ್ಮನೇಲಲ್ಲ."

"ನಮ್ಮನೇಲೂ ಅಲ್ಲ."

ಗೋಡೆ ಮಾತ್ರ ಕೊರೀತಾನೇ ಇತ್ತು.

ಬಂದರಿನ ಕ್ಯಾಂಪಸ್ಸಿನ ಮೇಷ್ಟ್ರು ಅಂತ ಒಬ್ಬರಿದ್ದಾರೆ. ಬಾಯಿ ಬಿಟ್ಟರೆ ಹಡಗಿನ ಸೈರನ್ನು. ಒಬ್ಬರೇ ಐವತ್ತು ನಿಮಿಷ ಮಾತಾಡಿದ್ರು. ಬೆಟ್ಟದ ಕ್ಯಾಂಪಸ್ಸಿನ ಮೇಡಂ ಕ್ಯಾಮೆರಾವನ್ನ ಚಾವಣಿಗೆ ತಿರುಗಿಸಿ ಇಟ್ಟಿದ್ದರಿಂದ ಅವರ ಫ್ಯಾನಿನ ಪರಿಚಯ ಚೆನ್ನಾಗಿ ಆಯ್ತು. ಗಡಿಯ ಕ್ಯಾಂಪಸ್ಸಿನ ಹುಡುಗಿ ಹೊಸಬಳು, ಎಲ್ಲದಕ್ಕೂ ಹೆಬ್ಬೆರಳು ಎತ್ತಿ ತೋರಿಸ್ತಾಳೆ. ಇನ್ನೊಬ್ಬರು ದ್ವೀಪದ ಮೇಷ್ಟ್ರು. ಎಲ್ಲರಿಗಿಂತ ದೂರ, ಎಲ್ಲರಿಗಿಂತ ಮೆತ್ತಗಿನ ದನಿ. ಅವರ ಸರದಿ ಬರೋ ಹೊತ್ತಿಗೆ "ಕ್ಷಮಿಸಿ, ಮನೆಗೆ ಹೋಗೋ ಕೊನೇ ಬೋಟು ಹೊರಡುತ್ತೆ" ಅಂತ ಎದ್ದು ಹೋದರು.

ನಮ್ಮ ತಲೆ ಮೇಲಿರೋ ಕೆಲಸ ಇದು. ಐದೂ ಕಡೆ ಸೇರಿ ಎಂಟು ವಿಷಯ ಕಲಿಸ್ತಿದೀವಿ. ಅದನ್ನ ಆರಕ್ಕೆ ಇಳಿಸಿ, ಎಲ್ಲ ಕಡೆಗೂ ಒಂದೇ ಪಠ್ಯ ಮಾಡಬೇಕು. ಸೆಪ್ಟೆಂಬರ್ ಇಪ್ಪತ್ತಾರಕ್ಕೆ ದೊಡ್ಡ ಪರಿಷತ್ತು ಸೇರುತ್ತೆ. ಅಷ್ಟರೊಳಗೆ ಆಗದಿದ್ದರೆ ಡೀನ್ ಅವರೇ ಪೆನ್ನು ತಗೊಂಡು ಗೀಟು ಹಾಕ್ತಾರಂತೆ. ಗಿಡದ ತಲೆ ಯಾವುದು ಬೇರು ಯಾವುದು ಅಂತ ಗೊತ್ತಿಲ್ಲದ ಮನುಷ್ಯ, ಮಾವ.

ಏನು ಮಾಡಲಿ?

ನಿಮ್ಮ,
ಗುಬ್ಬಿ


ಜುಲೈ 19

ಅಧ್ಯಕ್ಷೆ ಗುಬ್ಬಮ್ಮನವರ ಸನ್ನಿಧಾನಕ್ಕೆ,

ಬಂದರಿನ ಮೇಷ್ಟ್ರನ್ನ ಬೈಬೇಡ. ಎಲ್ಲ ಸಭೆಗೂ ಅಂಥವರೊಬ್ಬರು ಬೇಕು, ಇಲ್ಲದಿದ್ದರೆ ಮಿಕ್ಕೋರು ಯಾವಾಗ ನಿದ್ದೆ ಮಾಡೋದು? ನಮ್ಮಲ್ಲಿ ಒಬ್ಬರಿದ್ದರು, 'ಎರಡೇ ಮಾತು' ಅಂತ ಎದ್ದು ನಿಂತರೆ ಕಿಟಕಿ ಹೊರಗಿನ ನೆರಳು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೋಗೋದು. ಕೊನೆಗೆ ಒಂದು ದಿನ ನಾನು ಅವರ ಕುರ್ಚಿಯ ಒಂದು ಕಾಲಿನ ತಿರುಪು ಸಡಿಲ ಮಾಡಿದೆ. ಪಾಪ, ನಿಂತು ಮಾತಾಡೋರಿಗೆ ಕುರ್ಚಿಯಿಂದ ಏನೂ ಆಗಲಿಲ್ಲ. ಪಕ್ಕದಲ್ಲಿದ್ದ ಕುಲಪತಿಗಳು ಅದರಲ್ಲಿ ಕೂತರು.

ಕೆಲಸದ ಮಾತಿಗೆ ಬರ್ತೀನಿ. ಏನು ತೀರ್ಮಾನ ಮಾಡಬೇಕೋ ಅದನ್ನ ಒಂದು ವಾರ ಮುಂಚೆ ಒಂದೇ ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳಿಸು. ಸಭೆಯಲ್ಲಿ ಓದಿ ಹೇಳಬೇಡ. ಓದಿ ಹೇಳೋದು ಕೂಸಿಗೆ, ಇಲ್ಲ ಕೋರ್ಟಿನಲ್ಲಿ. ಮಾತಾಡೋಕೆ ತಲೆಗೆ ಎರಡೆರಡು ನಿಮಿಷ ಕೊಡು, ಬಂದರಿನ ತಲೆಗೂ ಅಷ್ಟೇ. ಮಾತಾಡದೆ ಇದ್ದಾಗ ಮೈಕು ಮುಚ್ಚಿರಲಿ, ಗೋಡೆ ಕೊರೆಯೋದು ಆಗ ತಾನಾಗೇ ನಿಲ್ಲುತ್ತೆ.

ಕೊನೆಗೊಂದು ಗುಮಾಸ್ತರ ಗುಟ್ಟು, ಇದನ್ನ ನಾನು ಯಾರಿಗೂ ಹೇಳಿಲ್ಲ. ಸಭೆ ಮುಗಿಯಲ್ಲ ಅಂತ ಕಂಡಾಗ "ಯಾರದಾದ್ರೂ ಆಕ್ಷೇಪ ಇದೆಯಾ?" ಅಂತ ಕೇಳು. ಮೂರು ಎಣಿಸು. ಯಾರೂ ಬಾಯಿ ಬಿಡದಿದ್ದರೆ 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಅಂತ ಬರ್ಕೊಂಡು ಎದ್ದುಬಿಡು. ಮೌನಂ ಸಮ್ಮತಿ ಲಕ್ಷಣಂ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಅವರಿಗೂ ಮನೆಗೆ ಹೋಗೋ ಆತುರ ಇತ್ತು.

ಇಂತಿ,
ಮೂರೆಣಿಸಿ ಮೂವತ್ತೊಂದು ವರ್ಷ ಕಳೆದ ಮಾವ


ಆಗಸ್ಟ್ 9

ಮಾವ,

ನಿಮ್ಮ ಕಾಲು ಮುಟ್ಟಿ ನಮಸ್ಕಾರ, ಎರಡಕ್ಕೂ. ನಿನ್ನೆಯ ಮೀಟಿಂಗು ನಲವತ್ತೈದು ನಿಮಿಷಕ್ಕೆ ಮುಗೀತು. ಬರೀ ನಲವತ್ತೈದು. ಹಾಳೆ ಮುಂಚೆಯೇ ಕಳಿಸಿದ್ದೆ. ಮೊಟ್ಟೆ ಬೇಯಿಸೋಕೆ ಇಟ್ಟುಕೊಂಡಿರೋ ಗಡಿಯಾರವನ್ನ ಮೇಜಿನ ಮೇಲೆ ಇಟ್ಟು, ಮಾತಾಡಬೇಕು ಅಂದೋರಿಗೆ ಎರಡೆರಡು ನಿಮಿಷ ಕೊಟ್ಟೆ. ಎರಡು ನಿಮಿಷಕ್ಕೆ ಅದು ಗಣಗಣ ಅಂದಾಗ ಬಂದರಿನ ಮೇಷ್ಟ್ರು "ನಾನಿನ್ನೂ ಬೆಂದಿಲ್ಲ ಮೇಡಂ" ಅಂದರು. ಆದರೂ ನಿಲ್ಲಿಸಿದರು.

ಎಂಟು ವಿಷಯ ಆರಾಯ್ತು. ಎರಡನ್ನ ಒಂದು ಮಾಡಿದ್ವಿ, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಕಷ್ಟ ಇದ್ದದ್ದು ಇನ್ನೊಂದರದ್ದು. ದ್ವೀಪದ ಮೇಷ್ಟ್ರು ಪ್ರತಿ ವರ್ಷ ಮೂರು ವಾರ ಉಪ್ಪುನೀರಿನ ಗಿಡಗಳ ಪಾಠ ಮಾಡ್ತಾರೆ. ಸಮುದ್ರ ಇಳಿದ ಹೊತ್ತಿಗೆ ಮಕ್ಕಳನ್ನ ಮೊಣಕಾಲುದ್ದ ಕೆಸರಲ್ಲಿ ನಿಲ್ಲಿಸಿ ಬೇರು ತೋರಿಸೋದು. ವರ್ಷಕ್ಕೆ ಹನ್ನೆರಡೇ ಜನ ಹೋಗೋದು. ಅದನ್ನ ತೆಗೆದು ವಿಡಿಯೋ ಪಾಠ ಮಾಡೋಣ ಅಂತ ಹಾಳೆಯಲ್ಲಿ ಹಾಕಿದ್ದೆ. ನಿಜ ಹೇಳ್ತೀನಿ, ಹಾಕೋಕೆ ಮನಸ್ಸಿರಲಿಲ್ಲ. ಆ ಪಾಠ ಹೋದರೆ ಅಲ್ಲಿ ಸಸ್ಯಶಾಸ್ತ್ರಕ್ಕೆ ಬೇರೆ ಕೆಲಸವೇ ಇಲ್ಲ. ಅವರ ಹುದ್ದೆಯನ್ನೂ ಇಲ್ಲಿಗೆ ಎಳ್ಕೊತಾರೆ. ಹತ್ತೊಂಬತ್ತು ವರ್ಷ ಅಲ್ಲೇ ಇದ್ದ ಮನುಷ್ಯ.

"ಯಾರದಾದ್ರೂ ಆಕ್ಷೇಪ ಇದೆಯಾ?" ಅಂತ ಕೇಳಿದೆ. ಮೂರು ಎಣಿಸಿದೆ. ದ್ವೀಪದ ಮೇಷ್ಟ್ರ ಮುಖವನ್ನೇ ನೋಡ್ತಿದ್ದೆ ಮಾವ. ಅವರು ನಗ್ತಾ ಕೂತಿದ್ರು. ಸಭೆ ಪೂರ್ತಿ ಅದೇ ನಗು, ಒಂದಿಷ್ಟೂ ಬೇಜಾರಿಲ್ಲ. ತನ್ನ ಪಾಠವನ್ನೇ ಕಿತ್ತುಕೊಳ್ತಿದಾರೆ ಅಂತ ಗೊತ್ತಿದ್ದೂ ಹಾಗೆ ನಗಬೇಕು ಅಂದ್ರೆ ಎಂಥ ದೊಡ್ಡ ಮನಸ್ಸು. ನನಗೆ ಕಣ್ಣು ತುಂಬಿ ಬಂತು. 'ಸರ್ವಾನುಮತದಿಂದ' ಅಂತ ಬರೆದೆ. ಡೀನ್ ನನ್ನ ರೂಮಿಗೇ ಬಂದು ಶಹಬ್ಬಾಸ್ ಅಂದರು.

ನಿಮ್ಮ ಶಿಷ್ಯೆ,
ಗುಬ್ಬಿ


ಆಗಸ್ಟ್ 16

ಗುಬ್ಬೀ,

ಒಂದೇ ಪ್ರಶ್ನೆ. ಆ ದ್ವೀಪದ ಮೇಷ್ಟ್ರು ನಲವತ್ತೈದು ನಿಮಿಷದಲ್ಲಿ ಒಂದು ಸಲವಾದರೂ ಕಣ್ಣು ಮಿಟುಕಿಸಿದ್ದರಾ?

ನನಗೆ ಗೊತ್ತಿರೋ ಹಾಗೆ ಅಷ್ಟು ಹೊತ್ತು ರೆಪ್ಪೆ ಬಡಿಯದೆ ನಗೋರು ಗೋಡೆ ಮೇಲೆ ಚೌಕಟ್ಟಿನೊಳಗೆ ಇರೋರು ಮಾತ್ರ.

ಇಂತಿ,
ಮಾವ


ಆಗಸ್ಟ್ 22

ಮಾವ,

ನಿಮಗೆ ಎಲ್ಲದರಲ್ಲೂ ತಮಾಷೆ. ಅವರು ಕಣ್ಣು ಮಿಟುಕಿಸಿದ್ರೋ ಇಲ್ಲವೋ ಅಂತ ನಾನು ಎಣಿಸ್ತಾ ಕೂರಲಾ? ನಡಾವಳಿ ಎಲ್ಲರಿಗೂ ಕಳಿಸಿ ಎರಡು ವಾರ ಆಯ್ತು. ತಪ್ಪಿದ್ದರೆ ಅವರೇ ಬರೀತಿದ್ರು. ಬರೆದಿಲ್ಲ ಅಂದ್ರೆ ಒಪ್ಪಿಗೆ ಅಂತ ತಾನೇ? ನೀವೇ ಹೇಳಿಕೊಟ್ಟದ್ದು. ಮುಗಿದ ವಿಷಯವನ್ನ ಮತ್ತೆ ಕೆದಕಿಸಬೇಡಿ. ಐದು ಊರಿನೋರನ್ನ ಒಂದು ಮಾತಿಗೆ ತರೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು.

ಬೇರೆ ವಿಷಯ. ಭಾನುವಾರದ ಮನೆಯೋರ ವಿಡಿಯೋ ಕಾಲ್ ಬಗ್ಗೆ ಹೇಳಲೇಬೇಕು. ನೀವು ಈ ಸಲ ಎಷ್ಟು ತಾಳ್ಮೆಯಿಂದ ಕೂತಿದ್ರಿ. ಯಾವತ್ತೂ ಹತ್ತು ನಿಮಿಷಕ್ಕೆ ಏನಾದರೊಂದು ಕೀಟಲೆ ಮಾಡಿ ಎದ್ದು ಹೋಗೋರು, ಅರ್ಧ ಗಂಟೆ ಅಲುಗಾಡದೆ, ಮುಖದಲ್ಲಿ ನಗು ಇಟ್ಕೊಂಡು, ಅಮ್ಮ ತನ್ನ ಮಂಡಿ ನೋವಿನ ಕಥೆ ಹೇಳೋದನ್ನ ಪೂರ್ತಿ ಕೇಳಿದ್ರಿ. ಆಮೇಲೆ ಅಮ್ಮ ನನಗೆ ಫೋನ್ ಮಾಡಿ, "ನಮ್ಮಣ್ಣ ವಯಸ್ಸಾದ ಮೇಲೆ ಎಷ್ಟು ಒಳ್ಳೆಯವನಾದ ನೋಡೇ" ಅಂದಳು.

ನಿಮ್ಮ,
ಗುಬ್ಬಿ


ಆಗಸ್ಟ್ 27

ಗುಬ್ಬೀ,

ಒಳ್ಳೆಯವನಾದದ್ದು ನಾನಲ್ಲ. ನನ್ನ ಫೋಟೋ.

ನಿವೃತ್ತಿ ದಿವಸ ಕಚೇರಿಯವರು ತೆಗೆಸಿಕೊಟ್ಟ ದೊಡ್ಡ ಫೋಟೋ ಇದೆಯಲ್ಲ, ಕುತ್ತಿಗೆವರೆಗೆ ಕತ್ತರಿಸಿದ್ದು, ಅದನ್ನ ಕೆಳಗಿನ ಕನ್ನಡಕದಂಗಡಿಯವನು ತಂದು ಕುರ್ಚಿ ಮೇಲೆ ನಿಲ್ಲಿಸಿದ. ಹಿಂದೆ ಅದೇ ಗೋಡೆ, ಅದೇ ಕ್ಯಾಲೆಂಡರು. ಕ್ಯಾಮೆರಾ ಆನ್ ಮಾಡಿ ನಾವಿಬ್ಬರೂ ಪಕ್ಕದ ರೂಮಿನಲ್ಲಿ ಕೂತು ಇಸ್ಪೀಟು ಆಡಿದ್ವಿ. ಎರಡು ಸಲ ಸೋತೆ. ಮಧ್ಯೆ ಎದ್ದು ಹೋಗಿ ಇಣುಕಿದ ಕನ್ನಡಕದವನು ಹೊಟ್ಟೆ ಹಿಡ್ಕೊಂಡು ಬಂದು, "ನಿಮ್ಮ ತಂಗಿ ನಿಮ್ಮ ಫೋಟೋಗೆ ಮಂಡಿಗೆ ಎಣ್ಣೆ ತಿಕ್ಕೋದು ಹೇಳಿಕೊಡ್ತಿದಾರೆ" ಅಂತ ಚೀಟಿ ಬರೆದು ತೋರಿಸಿದ. ನೀನು ಇದ್ದೆ, ನಿಮ್ಮಣ್ಣ ಇದ್ದ, ಅವನ ಹೆಂಡತಿ ಇದ್ದಳು. ನಾಲ್ಕು ಜೊತೆ ಕಣ್ಣು, ಅರ್ಧ ಗಂಟೆ. ನಾನು ಮನುಷ್ಯನೋ ಕಾಗದವೋ ಅಂತ ಒಬ್ಬರಿಗೂ ಅನುಮಾನ ಬರಲಿಲ್ಲ.

ಅಧ್ಯಕ್ಷ ಅನ್ನೋ ಪದದಲ್ಲೇ ಕಣ್ಣಿದೆಯಂತೆ, ಅಕ್ಷ ಅಂದ್ರೆ ಕಣ್ಣು ಅಂತ ಹಳೇ ಪಂಡಿತರೊಬ್ಬರು ಹೇಳ್ತಿದ್ರು. ಕಿವಿ ಇಲ್ಲ ನೋಡು ಅದರಲ್ಲಿ. ನಿನ್ನದು ಈಗ ಕಣ್ಣೂ ಕೈಕೊಟ್ಟಿದೆ.

ಬೇಜಾರಾಗಬೇಡ. ನಿಮ್ಮನ್ನ ಗೇಲಿ ಮಾಡೋಕೆ ಅಂತಲೇ ಶುರು ಮಾಡಿದ್ದು, ಸುಳ್ಳು ಯಾಕೆ ಹೇಳಲಿ. ಆದ್ರೆ ಚೀಟಿ ಓದಿ ಮುಗಿಸೋ ಹೊತ್ತಿಗೆ ನಗು ನಿಂತಿತ್ತು. ಆ ಕುರ್ಚಿ ಮೇಲೆ ಫೋಟೋ ಕೂತರೂ ಒಂದೇ, ನಾನು ಕೂತರೂ ಒಂದೇ ಆಗಿ ಎಷ್ಟು ದಿನ ಆಯ್ತು ಅಂತ ಲೆಕ್ಕ ಹಾಕಿದೆ. ಒಂದೂವರೆ ವರ್ಷ.

ನನಗೆ ಕಿವಿ ಕೇಳಿಸಲ್ಲ ಗುಬ್ಬೀ. ಎಡಗಡೆಯದು ಪೂರಾ ಹೋಗಿದೆ. ಬಲಗಡೆಯದರಲ್ಲಿ ಬಸ್ಸು ಲಾರಿ ಕೇಳುತ್ತೆ, ಮನುಷ್ಯರು ಕೇಳಲ್ಲ. ನೀವೆಲ್ಲ ಮಾತಾಡ್ತೀರ, ನಾನು ನಗ್ತೀನಿ. ಎಲ್ಲರೂ ತಲೆ ಆಡಿಸಿದಾಗ ಆಡಿಸ್ತೀನಿ. ಮಾತು ನನ್ನ ಕಡೆ ತಿರುಗೋ ಹೊತ್ತಿಗೆ ಒಂದು ಕೀಟಲೆ ಮಾಡಿ ಎದ್ದು ಹೋಗ್ತೀನಿ. ಕೇಳಿಸಲಿಲ್ಲ ಅನ್ನೋ ಬದಲು ನಗೋದು ಸುಲಭ. ಮೊದಲನೇ ಸಲ ನಕ್ಕುಬಿಟ್ಟರೆ ಆಮೇಲೆ ನಿಲ್ಲಿಸೋದು ಕಷ್ಟ.

ಅದಕ್ಕೇ ಹೇಳ್ತಿದೀನಿ, ಆ ದ್ವೀಪದ ಮೇಷ್ಟ್ರನ್ನ ಒಂದು ಮಾತು ಕೇಳು.

ಇಂತಿ,
ಚೌಕಟ್ಟಿನಿಂದ ಹೊರಗೆ ಬಂದ ಮಾವ


ಸೆಪ್ಟೆಂಬರ್ 3

ಮಾವ,

ನಿಮ್ಮ ಕಾಗದವನ್ನ ಎರಡೆರಡು ಸಲ ಓದಿದೆ. ನಿಮ್ಮ ಬಗ್ಗೆ ಆಮೇಲೆ ಬರೀತೀನಿ, ತಪ್ಪಿಸ್ಕೊಳ್ಳೋಕೆ ಬಿಡಲ್ಲ. ಮೊದಲು ಇದು.

ದ್ವೀಪದ ಮೇಷ್ಟ್ರಿಗೆ ಬರೆದೆ. ಅವರ ಉತ್ತರ ಅರ್ಧ ಪುಟವೂ ಇಲ್ಲ. ಅವತ್ತು ಮೀಟಿಂಗು ಶುರುವಾಗಿ ಏಳು ನಿಮಿಷಕ್ಕೇ ಅವರ ಲೈನು ಹೋಗಿತ್ತು. ಎಲ್ಲರಿಗೂ ನಮಸ್ಕಾರ ಹೇಳಿ ನಕ್ಕಿದ್ರಲ್ಲ, ಆ ನಗು ನಮ್ಮ ಪರದೆಯಲ್ಲಿ ಹಾಗೇ ಅಂಟಿಕೊಂಡು ಕೂತಿದೆ. ಅವರು ಮಾತ್ರ ಅತ್ತ ಕಡೆ ಮತ್ತೆ ಮತ್ತೆ ಒಳಗೆ ಬರೋಕೆ ನೋಡ್ತಿದ್ರಂತೆ. ಮಹಡಿಗೆ ಹೋಗಿ, ಅಂಗಳಕ್ಕೆ ಹೋಗಿ, ಕೊನೆಗೆ ಬೋಟು ನಿಲ್ಲೋ ಕಟ್ಟೆ ಮೇಲೆ ಕಂಪ್ಯೂಟರ್ ಎತ್ತಿ ಹಿಡಿದು ನಿಂತಿದ್ರಂತೆ. ನಾನು ಮೂರು ಎಣಿಸಿದಾಗ ಅವರು ಅಲ್ಲಿದ್ದರು.

ನಡಾವಳಿ ಓದಿ ಯಾಕೆ ಸುಮ್ಮನಿದ್ರಿ ಅಂತ ಕೇಳಿದ್ದೆ. "ನೀವೆಲ್ಲ ಸೇರಿ ಯೋಚಿಸಿಯೇ ಬರೆದಿರ್ತೀರಿ ಅಂದುಕೊಂಡೆ. ಸರ್ವಾನುಮತ ಅಂತ ಇತ್ತು. ನನ್ನ ಮತ ಇಲ್ಲದೆಯೂ ಅದು ಸರ್ವ ಆಗುತ್ತೆ ಅಂದ್ರೆ ನಾನು ಲೆಕ್ಕಕ್ಕಿಲ್ಲ ಅಂತ ಅರ್ಥ ಮಾಡ್ಕೊಂಡೆ" ಅಂತ ಬರೆದಿದಾರೆ. ಒಣಗಿಸಿ ಅಂಟಿಸಿದ ಗಿಡದ ಹಾಳೆಗಳನ್ನ ಪೆಟ್ಟಿಗೆಗೆ ತುಂಬೋಕೆ ಶುರು ಮಾಡಿದಾರಂತೆ. ಹತ್ತೊಂಬತ್ತು ವರ್ಷದ್ದು.

ಡೀನ್ ಹತ್ತಿರ ಹೋದೆ. "ಬರೆದದ್ದು ಬರೆದಾಯ್ತು. ಈಗ ತಿದ್ದಿದರೆ ನಗೆಪಾಟಲು. ನಿಮ್ಮ ಮೊದಲನೇ ಜವಾಬ್ದಾರಿ ಇದು, ನೆನಪಿರಲಿ" ಅಂದರು. ಬೆದರಿಕೆಯಲ್ಲ ಮಾವ, ಪ್ರೀತಿಯಿಂದಲೇ ಹೇಳಿದರು. ಅದು ಇನ್ನೂ ಕಷ್ಟ.

ಹನ್ನೆರಡನೇ ತಾರೀಖು ಕೊನೇ ಮೀಟಿಂಗು. ಇಪ್ಪತ್ತಾರಕ್ಕೆ ಪರಿಷತ್ತು. ತಪ್ಪು ನನ್ನದು, ಎಲ್ಲರೆದುರು ಹೇಳೋಕೆ ತಯಾರಿದೀನಿ. ಹೇಳಿದರೆ ಉಪಯೋಗ ಇದೆಯಾ? ಬರೆದ ನಡಾವಳಿಯನ್ನ ತಿದ್ದೋಕೆ ಬರುತ್ತಾ?

ಗುಬ್ಬಿ


ಸೆಪ್ಟೆಂಬರ್ 6

ಗುಬ್ಬೀ,

ಬರುತ್ತೆ. ಈ ಕಾಗದವನ್ನ ಕನ್ನಡಕದವನ ತಮ್ಮ ನಿಮ್ಮೂರಿಗೆ ಬರ್ತಿದ್ದಾನೆ ಅಂತ ಅವನ ಕೈಲೇ ಕಳಿಸ್ತಿದೀನಿ, ಅಂಚೆಗೆ ಕಾಯೋ ಹೊತ್ತಲ್ಲ ಇದು.

ಪ್ರತಿ ಸಭೆಯ ಮೊದಲನೇ ವಿಷಯ ಏನು? 'ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು'. ಎಲ್ಲರೂ ಆಕಳಿಸ್ತಾ ಇರೋ ಹೊತ್ತಲ್ಲಿ ಮುಗಿದುಹೋಗೋ ವಿಷಯ. ಅದನ್ನ ಯಾಕೆ ಇಟ್ಟಿದಾರೆ ಅಂತ ಯಾರೂ ಕೇಳಲ್ಲ. ಇದಕ್ಕೇ ಇಟ್ಟಿರೋದು. ಮುಂದಿನ ಸಭೆ ದೃಢೀಕರಿಸೋವರೆಗೆ ನಡಾವಳಿ ಬರೀ ಕರಡು. ಡೀನ್ ಅಲ್ಲ, ಅವರಪ್ಪ ಬಂದರೂ ಅದು ಕರಡೇ. ಬಾಗಿಲು ತೆರೆದೇ ಇದೆ, ನೀನು ತಳ್ಳಬೇಕು ಅಷ್ಟೇ.

ಆ ಗುಮಾಸ್ತರ ಗುಟ್ಟು ಹೇಳಿಕೊಟ್ಟವನು ನಾನು. ಅದರ ಬಾಲವನ್ನೂ ಹೇಳ್ತೀನಿ. ಒಂದು ಸಭೆಯಲ್ಲಿ ಸಂಜೆ ಕಾಲೇಜು ಮುಚ್ಚೋ ಮಾತು ಬಂತು. ಕೆಲಸ ಮಾಡ್ಕೊಂಡು ಓದೋರಿಗೆ ಅಂತ ನಡೀತಿದ್ದ ಕಾಲೇಜು. ಆಕ್ಷೇಪ ಇದೆಯಾ ಅಂತ ಅಧ್ಯಕ್ಷರು ಕೇಳಿದರು. ಕೊನೇ ಸಾಲಿನಲ್ಲಿ ಅಲ್ಲಿಯ ಲೈಬ್ರರಿಯವರು ಕೈ ಎತ್ತಿದ್ರು. ಪೂರ್ತಿ ಅಲ್ಲ, ಕಿವಿವರೆಗೆ. ಅಧ್ಯಕ್ಷರು ನೋಡಲಿಲ್ಲ. ನಾನು ನೋಡಿದೆ. ಗೋಡೆ ಗಡಿಯಾರ ಐದೂವರೆ ತೋರಿಸ್ತಿತ್ತು. 'ಸರ್ವಾನುಮತದಿಂದ' ಅಂತ ಬರೆದೆ. ನನ್ನ ಅಕ್ಷರ ಅವತ್ತು ತುಂಬ ದುಂಡಗೆ ಬಂದಿತ್ತು.

ಅದಕ್ಕೇ ಈ ಸಲ ಗುಟ್ಟು ಬೇಡ, ಬೆವರು ಸುರಿಸು. ಸಭೆಯನ್ನ ಬೆಳಿಗ್ಗೆ ಹನ್ನೊಂದಕ್ಕೆ ಇಡು, ಬೋಟಿನ ಭಯ ಇರಲ್ಲ. ದ್ವೀಪದವರು ಮಾಮೂಲಿ ಫೋನು ಮಾಡಲಿ, ಮುಖ ಕಾಣದಿದ್ದರೆ ಏನೂ ಮುಳುಗಲ್ಲ. ಯಾರ ಲೈನು ಎಲ್ಲಕ್ಕಿಂತ ಬಡವೋ ಅವರ ಮಾತು ಮೊದಲು. ಒಬ್ಬರನ್ನ ಬಾಗಿಲು ಕಾಯೋಕೆ ಕೂರಿಸು, ಯಾರು ಒಳಗಿದಾರೆ ಯಾರು ಜಾರಿಹೋದರು ಅಂತ ನೋಡೋದೇ ಅವರ ಕೆಲಸ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳು. ಮೂರಲ್ಲ, ಹತ್ತು ಎಣಿಸು. ಹತ್ತು ಎಣಿಸೋ ಮೌನ ತುಂಬ ಉದ್ದ ಅನಿಸುತ್ತೆ. ಅನಿಸಲಿ.

ಧೈರ್ಯವಾಗಿರು. ನಗೆಪಾಟಲಾದರೆ ಏನಾಯ್ತು, ನಮ್ಮ ವಂಶದ ಕಸುಬೇ ಅದು.

ಇಂತಿ,
ನಿನ್ನ ಮಾವ


ಸೆಪ್ಟೆಂಬರ್ 14

ಮಾವ,

ಸಭೆ ಒಂದು ಗಂಟೆ ಇಪ್ಪತ್ತು ನಿಮಿಷ ನಡೀತು. ನಾನು ನಡೆಸಿದ ಮೂರರಲ್ಲಿ ಇದೇ ಒಳ್ಳೇದು.

ಗಡಿಯ ಹುಡುಗಿಯನ್ನ ಬಾಗಿಲಿಗೆ ಕೂರಿಸಿದ್ದೆ. ಹೆಬ್ಬೆರಳು ಕೆಳಗಿಟ್ಟು, ಪೊಲೀಸಿನವಳ ಹಾಗೆ ಕೂತಿದ್ದಳು. ದ್ವೀಪದ ಮೇಷ್ಟ್ರು ಫೋನ್ ಮಾಡಿದರು. ನನ್ನ ಮೊಬೈಲನ್ನ ಎರಡು ಪುಸ್ತಕದ ಮೇಲೆ ಮೈಕಿನ ಹತ್ತಿರ ಇಟ್ಟೆ. ಹಿಂದಿನ ನಡಾವಳಿ ಓದೋಕೆ ಮುಂಚೆ ಹೇಳಿಬಿಟ್ಟೆ. "ಇದರಲ್ಲೊಂದು ತಪ್ಪಿದೆ. ತಪ್ಪು ನನ್ನದು. ಸರ್ವಾನುಮತ ಅಂತ ಬರೆದಿದೀನಿ. ದ್ವೀಪದ ಮೇಷ್ಟ್ರು ಆ ಹೊತ್ತಲ್ಲಿ ಸಭೆಯಲ್ಲಿ ಇರಲೇ ಇಲ್ಲ. ನಿಂತುಹೋದ ಅವರ ಚಿತ್ರ ನೋಡಿ ನಾನು ಒಪ್ಪಿಗೆ ಅಂದುಕೊಂಡೆ."

ತಕ್ಷಣ ಬಂದರಿನ ಮೇಷ್ಟ್ರು, "ಅಂದ್ರೆ ಅಧ್ಯಕ್ಷರು ಫೋಟೋ ಜೊತೆ ಮೀಟಿಂಗು ಮಾಡಿದ್ರಿ ಅಂತಾಯ್ತು" ಅಂದರು.

"ಹೌದು ಸಾರ್. ನಮ್ಮ ಮನೇಲಿ ಅದು ಪರಂಪರೆ."

ಬೆಟ್ಟದ ಮೇಡಂ ನಕ್ಕರು. ಕ್ಯಾಮೆರಾ ಅಲುಗಾಡಿ ಫ್ಯಾನು ಸರೀತು, ಅವರ ಮುಖ ಮೊದಲನೇ ಸಲ ಕಂಡಿತು.

ದ್ವೀಪದವರನ್ನ ಮೊದಲು ಕೇಳಿದೆ. "ಮೇಷ್ಟ್ರೇ, ನೀವೇನಂತೀರಿ?" ಎಣಿಸಿದೆ ಮಾವ. ಐದು. ಆರು. ಬಂದರಿನವರು ಬಾಯಿ ತೆರೆದರು, ಗಡಿಯ ಹುಡುಗಿ ಕೈ ಎತ್ತಿ ತಡೆದಳು. ಏಳು. ಎಂಟು. ಮೊಬೈಲಿನಿಂದ ನೀರಿನ ಸದ್ದು ಬರ್ತಿತ್ತು.

"ಮೂರು ವಾರವೇ ಬೇಕು ಅಂತ ನಾನು ಹಠ ಹಿಡಿಯಲ್ಲ ಮೇಡಂ" ಅಂದರು. "ಆದ್ರೆ ಸಮುದ್ರ ಪೂರ್ತಿ ಇಳಿಯೋದು ಹುಣ್ಣಿಮೆಗೊಂದು ಸಲ, ಅಮಾವಾಸ್ಯೆಗೊಂದು ಸಲ. ಒಂದು ಇಳಿತದಲ್ಲಿ ಮಕ್ಕಳು ಬೇರಿಗೆ ಗುರುತು ಕಟ್ಟಬೇಕು, ಇನ್ನೊಂದರಲ್ಲಿ ಏನಾಯ್ತು ಅಂತ ಬಂದು ನೋಡಬೇಕು. ಅದಕ್ಕೆ ಹದಿನೈದು ದಿನ ಬೇಕು. ಕಮ್ಮಿ ಮಾಡೋಣ ಅಂದ್ರೆ ಚಂದ್ರ ನಮ್ಮ ಟೈಂಟೇಬಲ್ಲು ನೋಡಲ್ಲ."

ಇಷ್ಟು ದಿನ ಇದನ್ನ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಕೇಳದೇ ಗೀಟು ಹಾಕಿದ್ವಿ.

ಪಾಠ ಉಳೀತು. ಹದಿನೈದು ದಿನಕ್ಕೆ. ಅದರ ಬದಲು ನನ್ನದೇ ಒಂದು ವಿಷಯ ಬಿಟ್ಟುಕೊಟ್ಟೆ, ಅದು ವಿಡಿಯೋದಲ್ಲಿ ಚೆನ್ನಾಗೇ ನಡೆಯುತ್ತೆ. ನಾಲ್ಕು ಮತ ಪರ, ಒಂದು ವಿರೋಧ. ಬಂದರಿನವರು, "ಖರ್ಚು ಜಾಸ್ತಿ, ನಾನು ವಿರೋಧ ಅಂತಲೇ ಬರ್ಕೊಳ್ಳಿ. ಆದ್ರೆ ನಮ್ಮ ಮಕ್ಕಳನ್ನ ಕಳಿಸ್ತೀನಿ, ಕೆಸರು ನೋಡಲಿ" ಅಂದರು. ಬರ್ಕೊಂಡೆ. ಆಮೇಲೆ ಡೀನ್ ಕೇಳಿದರು, "ಸರ್ವಾನುಮತ ತಾನೇ?" "ಅಲ್ಲ ಸಾರ್, ಬಹುಮತ" ಅಂದೆ. ಹೇಳುವಾಗ ಎಷ್ಟು ಖುಷಿಯಾಯ್ತು ಗೊತ್ತಾ. ಅವರು ಕನ್ನಡಕ ತೆಗೆದು ಒರೆಸಿ, "ಹಾಗೇ ಕಳಿಸಿ" ಅಂದರು. ನಿನ್ನೆ ದ್ವೀಪದಿಂದ ಒಂದು ಸಾಲು ಬಂತು: ಪೆಟ್ಟಿಗೆ ಬಿಚ್ಚುತ್ತಿದ್ದೇನೆ.

ಈಗ ನಿಮ್ಮ ಸರದಿ.

ಮೇ ತಿಂಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಾನು ಕಿಟಕಿಯಿಂದ ಏನು ಕೇಳಿದೆ ಅಂತ ನಿಮಗೆ ಗೊತ್ತಿಲ್ಲ ಅಲ್ವಾ? ಮೊದಲ ಕಾಗದದಲ್ಲಿ 'ಯಾವ ಪುಣ್ಯಾತ್ಮ' ಅಂತ ಬರೆದದ್ದು ತಮಾಷೆ ಅಂದುಕೊಂಡಿದ್ದೆ. ನಾನು ಕೇಳಿದ್ದು ಇದು: "ಮಾವ, ಅಧ್ಯಕ್ಷೆ ಆಗು ಅಂತಿದಾರೆ. ನನ್ನ ಕೈಲಾಗುತ್ತಾ? ಒಪ್ಕೊಳ್ಳಲಾ?" ನೀವು ನಕ್ಕು ಜೋರಾಗಿ ತಲೆ ಆಡಿಸಿದ್ರಿ. ಬಸ್ಸು ಹೊರಟಿತು. ದಾರಿಯಲ್ಲೇ ಒಪ್ಪಿಗೆ ಅಂತ ಮೆಸೇಜು ಹಾಕಿದೆ. ಬೇರೆ ಯಾರನ್ನೂ ಕೇಳಲಿಲ್ಲ.

ಇನ್ನು ಮುಂದೆ ಭಾನುವಾರದ ವಿಡಿಯೋ ಕಾಲ್‌ನಲ್ಲಿ ಮೊದಲ ಮಾತು ನಿಮ್ಮದು. ನಾನು ಸ್ಲೇಟಿನಲ್ಲಿ ದೊಡ್ಡದಾಗಿ ಬರೆದು ತೋರಿಸ್ತೀನಿ, ಅಮ್ಮನಿಗೂ ಒಂದು ಸ್ಲೇಟು ಕೊಡಿಸಿದೀನಿ. ಮಂಡಿ ನೋವನ್ನ ಒಂದು ಸ್ಲೇಟಿಗೆ ಹಿಡಿಸೋದು ಹೇಗೆ ಅಂತ ಯೋಚಿಸ್ತಿದಾಳೆ.

ಇನ್ನೊಂದು. ಕಿವಿ ಡಾಕ್ಟರ ಹತ್ತಿರ ಸಮಯ ಕೇಳಿದೀನಿ. ಹೋಗೋಣವಾ? ಹೆಸರು ಹಿಡಿದು ಕೇಳ್ತಿದೀನಿ, ಕಾಗದದಲ್ಲೇ ಉತ್ತರ ಬೇಕು. ನಗು ನಡೆಯಲ್ಲ. ಹತ್ತು ಎಣಿಸ್ತಿದೀನಿ.

ಗುಬ್ಬಿ


ಸೆಪ್ಟೆಂಬರ್ 20

ಕನ್ನಡಕದಂಗಡಿಯ ಮಹಡಿಯಲ್ಲಿ ಈ ದಿನ ಬೆಳಿಗ್ಗೆ ಸೇರಿದ ಸಭೆಯ ನಡಾವಳಿ

ಹಾಜರಿದ್ದವರು: ಮಾವ ಒಬ್ಬ, ಹಲ್ಲು ಹತ್ತು. ಒಂದು ಹಲ್ಲು ಹೋದ ವಾರ ರಾಜೀನಾಮೆ ಕೊಟ್ಟಿತು. ಗೈರುಹಾಜರಿ: ಕಿವಿ ಎರಡು.

ವಿಷಯ ಒಂದು. ಬಸ್ ಸ್ಟ್ಯಾಂಡಿನ ಪ್ರಶ್ನೆ. ಅವತ್ತು ಕೇಳಿಸಿದ್ದರೆ ಮಾವ 'ಬೇಡ ಕಣೇ, ಮೂವತ್ತೊಂದು ವರ್ಷ ನೋಡಿದೀನಿ, ಅದರಲ್ಲಿ ಬರೀ ತಲೆನೋವು' ಅಂತಲೇ ಹೇಳ್ತಿದ್ದ. ಹಾಗೆ ಹೇಳಿದ್ದರೆ ದ್ವೀಪದ ಪೆಟ್ಟಿಗೆ ಇವತ್ತು ಮೊಳೆ ಹೊಡಿಸ್ಕೊಂಡು ಕೂತಿರ್ತಿತ್ತು. ಆದ್ದರಿಂದ ಕೇಳಿಸದೆ ಆಡಿಸಿದ ತಲೆಯನ್ನ ಮಾವ ಈಗ ಕಾಗದ ಓದಿ, ಅರ್ಥ ಮಾಡ್ಕೊಂಡು, ಮತ್ತೊಂದು ಸಲ ಆಡಿಸಿದ್ದಾನೆ. ನಿನ್ನ ಕೈಲಾಗುತ್ತೆ. ಆಯ್ತು ಕೂಡ.

ವಿಷಯ ಎರಡು. ಡಾಕ್ಟರು. ಆಕ್ಷೇಪ ಇದೆ. ಭಯ ಅಂತ ಕಾರಣ. ದಾಖಲಿಸಿಕೊಳ್ಳುವುದು. ಆದರೂ ಹೋಗೋದು ಅಂತ ಬಹುಮತದಿಂದ ತೀರ್ಮಾನಿಸಲಾಯಿತು; ಹಲ್ಲುಗಳು ಪರವಾಗಿ ಮತ ಹಾಕಿದವು.

ಇದು ಬರೀ ಕರಡು, ಗುಬ್ಬೀ. ದೃಢೀಕರಿಸೋಕೆ ಅಧ್ಯಕ್ಷೆ ಖುದ್ದಾಗಿ ಮೆಟ್ಟಿಲು ಹತ್ತಿ ಬರಬೇಕು. ಎದುರಿಗೆ ಕೂತು ಓದಬೇಕು. ಬಲಗಡೆ ಕೂರು.

ಇಂತಿ,
ಮಾವ